ಆ ಹಿಂದಿನ ಬಾಗಿಲು ಕಂಡ ಕಣ್ಣಿಗೆ ಡಿಗ್ರೀನೂ ಬರಲಿ

ಈ ಸಲದ ಪತ್ರ ರಾಣೆಬೆನ್ನೂರು ಕಡೆಯಿಂದ ಬಂದಿದೆ. ಹೆಸರು ಹಾಕ್ಬೇಡಿ ಅಂದಿದಾರೆ, ಹಾಕಲ್ಲ. ವಯಸ್ಸು 36, ಇಬ್ಬರು ಮಕ್ಕಳು. ಬಿಎಸ್ಸಿ ಮೊದಲ ವರ್ಷದಲ್ಲೇ ಮದುವೆಯಾಗಿ ಕಾಲೇಜು ಬಿಟ್ಟೋರು. 11 ವರ್ಷದಿಂದ ಗಾರ್ಮೆಂಟ್ಸ್ ಫ್ಯಾಕ್ಟರೀಲಿ ಕೆಲಸ, ಅದ್ರಲ್ಲಿ ಆರು ವರ್ಷದಿಂದ ಲೈನ್ ಸೂಪರ್‌ವೈಸರ್. ಅವರು ಕೇಳಿರೋದು ಇಷ್ಟು: "ಮತ್ತೆ ಓದೋ ಆಸೆ ಆಗಿದೆ. ನೀವು ಕ್ರಿಮಿನಾಲಜಿ, ಅಂದ್ರೆ ಅಪರಾಧಶಾಸ್ತ್ರದ ಡಿಗ್ರಿ ಮಾಡಿ, ಪೊಲೀಸ್ ಇಲಾಖೇಲಿ ಅದಕ್ಕೆ ಬೆಲೆ ಅಂತಾರೆ ನಮ್ಮ ಮೈದುನ. ನನಗೆ ಫೈರ್ ಅಂಡ್ ಸೇಫ್ಟಿ ಕಡೆ ಮನಸ್ಸು. ಇಲ್ಲೊಂದು ಇನ್‌ಸ್ಟಿಟ್ಯೂಟ್‌ನೋರು ಆರು ತಿಂಗಳ ಡಿಪ್ಲೊಮಾಗೆ 65 ಸಾವಿರ ಕೇಳ್ತಿದಾರೆ, ಕೆಲಸ ಗ್ಯಾರಂಟಿ ಅಂತಾರೆ. ಈ ವಯಸ್ಸಲ್ಲಿ ಯಾವುದಕ್ಕೆ ಸೇರಿದ್ರೆ ಬೇಗ ಕೆಲಸ ಸಿಗುತ್ತೆ?"

ತಂಗಿ, ನಿಮ್ಮ ಪ್ರಶ್ನೆಗಿಂತ ಪತ್ರದ ಕೊನೇಲಿ ಜಾಗ ಸಾಲದೆ ಅಂಚಲ್ಲಿ ಬರೆದಿರೋ ನಾಲ್ಕು ಸಾಲು ನನ್ನನ್ನ ಹಿಡಿದು ಕೂರಿಸ್ತು. ಹೋದ ವರ್ಷ ಇಸ್ತ್ರಿ ಸೆಕ್ಷನ್ನಲ್ಲಿ ವೈರ್ ಸುಟ್ಟು ಹೊಗೆ ಬಂದಾಗ ಹಿಂದಿನ ಬಾಗಿಲ ಮುಂದೆ ರಟ್ಟಿನ ಡಬ್ಬ ಪೇರಿಸಿದ್ರು, ನೀವು ನಿಮ್ಮ ಲೈನಿನ ಹೆಣ್ಮಕ್ಕಳನ್ನ ಕಟ್ಟಿಂಗ್ ಟೇಬಲ್ ಸುತ್ತಿಸಿ ಮುಂದಿನಿಂದ ಹೊರಗೆ ಕಳಿಸಿದ್ರಿ, ಗೋಡೆ ಮೇಲಿನ ಬೆಂಕಿ ಆರಿಸೋ ಸಿಲಿಂಡರ್ ತೆಗೆದ್ರೆ ಪಿನ್ನು ತುಕ್ಕು ಹಿಡಿದು ಬರ್ಲೇ ಇಲ್ಲ. ಇಷ್ಟನ್ನ ಅಂಚಿಗೆ ತಳ್ಳಿ, ಯಾವ ಕೋರ್ಸಿಗೆ ಬೇಗ ಕೆಲಸ ಅನ್ನೋದನ್ನ ನಡುವೆ ಇಟ್ಟಿದೀರಲ್ಲ, ಇದಕ್ಕೆ ನಿಮ್ಮನ್ನ ಸ್ವಲ್ಪ ಗದರಿಸಬೇಕು ಅನ್ಸುತ್ತೆ. ಆ ನಾಲ್ಕು ಸಾಲೇ ನಿಮ್ಮ ಅರ್ಜಿ.

ನಿಮ್ಮ ಮೈದುನ ಹೇಳಿದ್ರಲ್ಲೂ ಹುರುಳಿದೆ, ಇಲ್ಲ ಅನ್ನಲ್ಲ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಕ್ರಿಮಿನಾಲಜಿ ಮತ್ತು ಫೊರೆನ್ಸಿಕ್ ಸೈನ್ಸ್ ವಿಭಾಗಾನೇ ಇದೆ, ಮತ್ತೆ 2024ರ ಜುಲೈ 1ರಿಂದ ಬಂದ ಹೊಸ ಕ್ರಿಮಿನಲ್ ಕಾನೂನಲ್ಲಿ ಏಳು ವರ್ಷ ಅಥವಾ ಅದಕ್ಕಿಂತ ಜಾಸ್ತಿ ಶಿಕ್ಷೆಯ ಅಪರಾಧ ಆದ್ರೆ ಸಾಕ್ಷ್ಯ ಪರೀಕ್ಷಿಸೋ ಫೊರೆನ್ಸಿಕ್ ತಜ್ಞರು ಜಾಗಕ್ಕೇ ಹೋಗ್ಬೇಕು ಅಂತ ಮಾಡಿರೋದ್ರಿಂದ ಓದಿದೋರ ಅಗತ್ಯ ಇದ್ದೇ ಇದೆ. ಆದ್ರೆ ಪಿಎಸ್‌ಐ ಆಗೋಕೆ ಕ್ರಿಮಿನಾಲಜೀನೇ ಬೇಕು ಅಂತಿಲ್ಲ, ಯಾವ ಡಿಗ್ರಿ ಆದ್ರೂ ನಡೆಯುತ್ತೆ. ನಡೆಯದೇ ಇರೋದು ವಯಸ್ಸು. 36ಕ್ಕೆ ಆ ಬಾಗಿಲು ಮುಚ್ಚಿದೆ, ಅದನ್ನ ನಿಮಗೆ ಯಾರೂ ಬಾಯಿಬಿಟ್ಟು ಹೇಳಿಲ್ಲ.

ಈ ವಯೋಮಿತಿ ವಿಷ್ಯ ಬಂದ್ರೆ ನನಗೆ ಹೊಟ್ಟೆ ಉರಿಯುತ್ತೆ. 545 ಪಿಎಸ್‌ಐ ಹುದ್ದೆಗೆ 2021ರ ಅಕ್ಟೋಬರಲ್ಲಿ ಪರೀಕ್ಷೆ ಆಯ್ತು, ಅಕ್ರಮ ಬಯಲಾಗಿ 2022ರ ಏಪ್ರಿಲಲ್ಲಿ ರದ್ದಾಯ್ತು, ಮರುಪರೀಕ್ಷೆ ಆಗಿದ್ದು 2024ರ ಜನವರೀಲಿ. ಕಳ್ಳದಾರಿ ಹಿಡಿಯದೆ ರೂಮ್ ಬಾಡಿಗೆ ಕಟ್ಕೊಂಡು ಓದಿದ ಸಾವಿರಾರು ಮಕ್ಕಳ ಎರಡು ವರ್ಷ ಅಲ್ಲೇ ಕರಗಿಹೋಯ್ತು. ತಡ ಮಾಡಿದ್ದು ವ್ಯವಸ್ಥೆ, ವಯಸ್ಸಾಗಿದ್ದು ಅವರಿಗೆ. ತಡವಾಗಿ ಓದೋಕೆ ಬಂದೋರನ್ನ ಕಂಡ್ರೆ ನಾವು ನಗ್ತೀವಿ, ಯಾಕೆ ತಡ ಆಯ್ತು ಅಂತ ಒಬ್ರೂ ಕೇಳಲ್ಲ. ನಿಮ್ಮನ್ನ 18ಕ್ಕೆ ಕಾಲೇಜು ಬಿಡಿಸಿದೋರೇ ಇವತ್ತು "ಈ ವಯಸ್ಸಲ್ಲಿ ಓದೋದಾ" ಅಂತಿರಬಹುದು.

ಫೈರ್ ಕಡೆನೂ ಖಾಕಿ ಹಾಕ್ಕೊಳ್ಳೋ ಕೆಲಸಕ್ಕೆ ವಯಸ್ಸು ಅಡ್ಡ ಬರುತ್ತೆ, ಸುಳ್ಳು ಹೇಳಲ್ಲ. ನಾಗಪುರದ ನ್ಯಾಷನಲ್ ಫೈರ್ ಸರ್ವಿಸ್ ಕಾಲೇಜಲ್ಲಿ ಫೈರ್ ಇಂಜಿನಿಯರಿಂಗ್ ಡಿಗ್ರಿ ಇದೆ, 2002ರಲ್ಲಿ ಹರ್ಷಿಣಿ ಕನ್ಹೇಕರ್ ಅಲ್ಲಿಗೆ ಸೇರಿದ ಮೊದಲ ಹುಡುಗಿ, ಅವರು ಸೇರೋವರೆಗೂ ಅದು ಗಂಡುಮಕ್ಕಳದ್ದೇ ಕಾಲೇಜಾಗಿತ್ತು. ಆದ್ರೆ ಅದು ಆಗಷ್ಟೇ ಪಿಯುಸಿ ಮುಗಿಸಿದೋರ ದಾರಿ. ನಿಮ್ಮ ದಾರಿ ಫ್ಯಾಕ್ಟರಿ ಒಳಗೇ ಇದೆ. ದೊಡ್ಡ ಕಾರ್ಖಾನೆಗಳಲ್ಲಿ ಸೇಫ್ಟಿ ಆಫೀಸರ್ ಇರ್ಲೇಬೇಕು ಅಂತ ಕಾನೂನಿದೆ. ಆ ಹುದ್ದೆಗೆ ಸಾಮಾನ್ಯವಾಗಿ ಕೇಳೋದು ಇಂಜಿನಿಯರಿಂಗ್ ಇಲ್ಲಾ ಫಿಸಿಕ್ಸ್, ಕೆಮಿಸ್ಟ್ರಿ ಓದಿದ ಡಿಗ್ರಿ, ಕಾರ್ಖಾನೇಲಿ ಸೂಪರ್‌ವೈಸರ್ ಆಗಿ ದುಡಿದ ಅನುಭವ, ಅದರ ಮೇಲೆ ಇಂಡಸ್ಟ್ರಿಯಲ್ ಸೇಫ್ಟಿ ಡಿಪ್ಲೊಮಾ. ಜೊತೆಗೆ ಅಲ್ಲಿನ ಕಾರ್ಮಿಕರು ಆಡೋ ಭಾಷೆ ಗೊತ್ತಿರಬೇಕು. ಇದನ್ನ ಮತ್ತೊಂದ್ಸಲ ಓದಿ. ಇಪ್ಪತ್ತೆರಡರ ಹುಡುಗನ ಹತ್ರ ಇಲ್ಲದ್ದು ಅನುಭವ, ನಿಮ್ಮ ಹತ್ರ ಇಲ್ಲದ್ದು ಡಿಗ್ರಿ ಕಾಗದ. ಕಾಗದ ಸಂಪಾದಿಸಬಹುದು.

ಹಾಗಾಗಿ ಆ 65 ಸಾವಿರ ಈಗಲೇ ಕೊಡ್ಬೇಡಿ. ಸರ್ಟಿಫಿಕೇಟ್ ಕೊಡೋದು ಯಾವ ವಿಶ್ವವಿದ್ಯಾಲಯ ಅಥವಾ ತಾಂತ್ರಿಕ ಶಿಕ್ಷಣ ಮಂಡಳಿ ಅಂತ ಬರವಣಿಗೇಲಿ ಕೇಳಿ, ಆ ಹೆಸರು ತಗೊಂಡು ಕಾರ್ಖಾನೆಗಳು ಮತ್ತು ಬಾಯ್ಲರುಗಳ ಇಲಾಖೆ ಕಚೇರಿಗೆ ಹೋಗಿ, ಇದು ಸೇಫ್ಟಿ ಆಫೀಸರ್ ಹುದ್ದೆಗೆ ನಡೆಯುತ್ತಾ ಅಂತ ವಿಚಾರಿಸಿ, ನಿಯಮಗಳು ಬದಲಾಗ್ತಿರೋದ್ರಿಂದ ಈಗಿನದ್ದು ಏನು ಅಂತಾನೂ ಅಲ್ಲೇ ಕೇಳಿ. ನಮ್ಮ ಪರಿಚಯದ ಒಬ್ಬ ಹುಡುಗ ಇಂಥದ್ದೇ ಬೋರ್ಡ್ ನೋಡಿ ಸೇರಿ, ಕೊನೆಗೆ ಮಾಲ್ ಒಂದರ ಗೇಟಲ್ಲಿ ಟೋಕನ್ ಕೊಡ್ತಾ ನಿಂತಿದ್ದ. ಅವರಮ್ಮ ಫೀಸಿಗೆ ಸರ ಅಡ ಇಟ್ಟಿದ್ರು. ಮೊದಲು ಬಿಎಸ್ಸಿ ಮುಗಿಸಿ. ಬೀರುವಿಂದ ಮೊದಲ ವರ್ಷದ ಅಂಕಪಟ್ಟಿ ಹುಡುಕಿ, ನಡೆಯುತ್ತಾ ಇಲ್ಲ ಹೊಸದಾಗಿ ಸೇರ್ಬೇಕಾ ಕೇಳಿ. ಮನೇಲೇ ಕೂತು ಓದೋಕೆ ಕೇಂದ್ರದ ಮುಕ್ತ ವಿಶ್ವವಿದ್ಯಾಲಯ ಇಗ್ನೋ, ಮೈಸೂರಿನ ಮುಕ್ತ ವಿಶ್ವವಿದ್ಯಾಲಯ ಎರಡರಲ್ಲೂ ವಿಚಾರಿಸಿ, ಪ್ರಾಕ್ಟಿಕಲ್ಸ್‌ಗೆ ಯಾವ ಊರಿಗೆ ಎಷ್ಟು ದಿನ ಹೋಗ್ಬೇಕು ಅಂತ ಮೊದಲೇ ತಿಳ್ಕೊಳ್ಳಿ, ಇಬ್ಬರು ಮಕ್ಕಳ ತಾಯಿಗೆ ಅದೇ ದೊಡ್ಡ ಲೆಕ್ಕ.

ನನಗೆ ಈ ಕಡೆ ಯಾಕೆ ಇಷ್ಟು ಒಲವು ಅಂದ್ರೆ, ಹಿಂದೆ ನಮ್ಮ ಪ್ರೆಸ್ಸಿನ ಕಾಗದದ ಗೋಡೌನಿಗೆ ಬೆಂಕಿ ಬಿದ್ದಿತ್ತು. ಬಂದ ಅಧಿಕಾರಿ ಐವತ್ತರ ಆಸುಪಾಸಿನೋರು. ನಾವೆಲ್ಲ ಬಾಗಿಲು ತೆಗೀರಿ ತೆಗೀರಿ ಅಂತ ಕೂಗ್ತಿದ್ರೆ ಅವರು ಕೂತು, ಅಂಗೈ ತಿರುಗಿಸಿ, ಕೈಯ ಹಿಂಭಾಗದಿಂದ ಬಾಗಿಲನ್ನ ಕೆಳಗಿನಿಂದ ಮೇಲಕ್ಕೆ ಮೆಲ್ಲಗೆ ಸವರಿ ನೋಡಿದ್ರು. ಮೇಲೆ ಬಿಸಿ ಇತ್ತು. "ಈಗ ತೆಗೆದ್ರೆ ಗಾಳಿ ನುಗ್ಗಿ ಉರಿ ನಮ್ಮ ಮುಖಕ್ಕೇ ಬರುತ್ತೆ" ಅಂತ ಹೇಳಿ ಪಕ್ಕದಿಂದ ನೀರು ಬಿಡಿಸಿದ್ರು. ಉರಿ ಆರಿದ ಮೇಲೂ ಹೋಗ್ಲಿಲ್ಲ. ಕಾಗದದ ಬಂಡಲ್ ಹೊರಗೆ ಒದ್ದೆಯಾದ್ರೂ ಒಳಗೆ ಕೆಂಡ ಇರುತ್ತೆ ಅಂತ ಬೆಳಗಿನ ಜಾವದ ತನಕ ಒಂದೊಂದೇ ಬಂಡಲ್ ಬಿಚ್ಚಿಸಿದ್ರು. ಬಿಚ್ಚಿದಾಗ ನಡುವೆ ಕೆಂಪಗೆ ಕಾಣ್ತಿತ್ತು. ಅವತ್ತಿಂದ ಈ ವಿದ್ಯೆ ಮೇಲೆ ನನಗೆ ಭಕ್ತಿ.

1911ರ ಮಾರ್ಚ್ 25ಕ್ಕೆ ನ್ಯೂಯಾರ್ಕಿನ ಟ್ರಯಾಂಗಲ್ ಗಾರ್ಮೆಂಟ್ಸ್ ಫ್ಯಾಕ್ಟರೀಲಿ ಬೆಂಕಿ ಬಿದ್ದು 146 ಜನ ಸತ್ರು, ಹೆಚ್ಚಿನೋರು ಹೊಲಿಗೆ ಹೆಣ್ಮಕ್ಕಳು, ಬಾಗಿಲಿಗೆ ಬೀಗ ಹಾಕಿತ್ತು. ಬೀದೀಲಿ ನಿಂತು ಅದನ್ನ ಕಣ್ಣಾರೆ ಕಂಡ ಫ್ರಾನ್ಸಿಸ್ ಪರ್ಕಿನ್ಸ್ ಅನ್ನೋ ಹೆಣ್ಣುಮಗಳು ಕಾರ್ಖಾನೆ ಸುರಕ್ಷತೆಗೇ ಅಂಟ್ಕೊಂಡ್ರು, 1933ರಲ್ಲಿ ಅಮೆರಿಕದ ಕಾರ್ಮಿಕ ಮಂತ್ರಿ ಆದ್ರು. ನೂರು ವರ್ಷ ಕಳೆದು 2012ರಲ್ಲಿ ಢಾಕಾ ಹತ್ರದ ತಾಜ್ರೀನ್ ಫ್ಯಾಕ್ಟರೀಲಿ ನೂರಕ್ಕೂ ಮಿಕ್ಕಿ ಜನ ಮತ್ತೆ ಹಾಗೇ ಸತ್ರು. ನಮ್ಮ ಬೆಂಗಳೂರಲ್ಲೂ 2010ರ ಫೆಬ್ರವರಿ 23ಕ್ಕೆ ಕಾರ್ಲ್ಟನ್ ಟವರ್ಸ್ ಅನ್ನೋ ಕಟ್ಟಡಕ್ಕೆ ಬೆಂಕಿ ಬಿದ್ದು ಒಂಬತ್ತು ಜನ ಹೋದ್ರು, ಹೊಗೆ ತಡೀಲಾರದೆ ಕಿಟಕಿಯಿಂದ ಹಾರಿದೋರೂ ಇದ್ರು. ಸತ್ತೋರ ಮನೆಯೋರು ಸೇರಿ ಬಿಯಾಂಡ್ ಕಾರ್ಲ್ಟನ್ ಅಂತ ಸಂಘಟನೆ ಕಟ್ಟಿ ಅಗ್ನಿ ಸುರಕ್ಷತೆಗೆ ಓಡಾಡ್ತಿದಾರೆ. ನಾವೋ, ಅಗ್ನಿಶಾಮಕ ಇಲಾಖೆ ಅಭ್ಯಂತರ ಇಲ್ಲ ಅಂತ ಕೊಡೋ ಎನ್‌ಒಸಿ ಅನ್ನೋ ಕಾಗದ ಸಿಕ್ಕ ದಿನವೇ ಬೆಂಕಿ ವಿಷ್ಯ ಮರೆತು, ಮೆಟ್ಟಿಲ ಕೆಳಗೆ ಹಳೆ ಕುರ್ಚಿ ತುಂಬ್ತೀವಿ. ಮದುವೆ ಛತ್ರದಲ್ಲಿ, ನರ್ಸಿಂಗ್ ಹೋಮಲ್ಲಿ, ಕೋಚಿಂಗ್ ಸೆಂಟರಲ್ಲಿ, ಎಲ್ಲಿ ಬೇಕಾದ್ರೂ ನೋಡಿ. ಅಲ್ಲೆಲ್ಲ ಬೇಕಾಗಿರೋದು ನಿಮ್ಮಂಥ ಕಣ್ಣು.

ಬೇಗ ಕೆಲಸ ಸಿಗುತ್ತಾ ಅಂದ್ರಿ. ಬೇಗ ಸಿಗಲ್ಲ. ಡಿಗ್ರಿಗೆ ಮೂರು ವರ್ಷ, ಡಿಪ್ಲೊಮಾಗೆ ಇನ್ನೊಂದು, ಅಂದ್ರೆ ನಲವತ್ತು ಆಗುತ್ತೆ. ಓದದಿದ್ರೂ ನಲವತ್ತು ಬರುತ್ತೆ ತಂಗಿ, ಆಗಲೂ ಅದೇ ಲೈನು, ಅದೇ ಟಾರ್ಗೆಟ್ಟು. ಅಲ್ಲೀವರೆಗೆ ಸಂಬಳ ಬಿಡ್ಬೇಡಿ, ಸೂಪರ್‌ವೈಸರ್ ಅಂತ ಬರೆದಿರೋ ಅಪಾಯಿಂಟ್‌ಮೆಂಟ್ ಲೆಟರ್, ಪೇ ಸ್ಲಿಪ್ ಎಲ್ಲ ಒಂದು ಫೈಲಲ್ಲಿ ಜೋಪಾನ ಮಾಡಿ, ಮುಂದೆ ಅನುಭವಕ್ಕೆ ಸಾಕ್ಷಿ ಅದೇ.

ಸೋಮವಾರ ಶಿಫ್ಟಿಗೆ ಹೋದಾಗ ಆ ಹಿಂದಿನ ಬಾಗಿಲ ಮುಂದೆ ಮತ್ತೆ ಡಬ್ಬ ಬಂದಿದ್ಯಾ, ಆ ತುಕ್ಕು ಪಿನ್ನಿನ ಸಿಲಿಂಡರ್ ಬದಲಾಯಿಸಿದಾರಾ ನೋಡಿ ನನಗೆ ಬರೀರಿ. ಈ ಸಲ ಅಂಚಲ್ಲಿ ಬೇಡ, ಮೊದಲ ಸಾಲಲ್ಲೇ ಬರೀರಿ.

— ಸಂ.