ಬರೋಲೋ ಒಗರಾಗಿದೆ, ಕೆಟ್ಟಿದೆಯೇ?

ಪ್ರಶ್ನೆ: ಮಗ ಇಟಲಿಯಿಂದ 2016ರ ಬರೋಲೋ ಎಂಬ ಕೆಂಪು ವೈನಿನ ಎರಡು ಬಾಟಲಿ ತಂದಿದ್ದ. ಒಂದನ್ನು ತೆರೆದೆವು. ಬಣ್ಣ ತೆಳು, ಅಂಚಿನಲ್ಲಿ ಇಟ್ಟಿಗೆ ಛಾಯೆ. ಒಂದು ಗುಟುಕಿಗೇ ಎಳೆ ಅಡಿಕೆ ಜಗಿದ ಹಾಗೆ ಬಾಯಿ ಒಣಗಿತು. ಕೆಟ್ಟುಹೋಗಿದೆಯೇ? ಇನ್ನೊಂದನ್ನು ಇಟ್ಟುಕೊಳ್ಳಬಹುದೇ?
– ಓದುಗರೊಬ್ಬರು, ಮೈಸೂರು

ಉತ್ತರ: ತೆಳು ಬಣ್ಣ, ಒಗರು ಎರಡೂ ಕೆಟ್ಟಿದ್ದರ ಗುರುತಲ್ಲ. ಬರೋಲೋ ಮಾಡುವುದು ಇಟಲಿಯ ಪೀಡ್‌ಮಾಂಟ್ ಸೀಮೆಯ ನೆಬಿಯೋಲೋ ದ್ರಾಕ್ಷಿ ಒಂದರಿಂದಲೇ. ಅದರಲ್ಲಿ ಬಣ್ಣ ಕಡಿಮೆ, ಒಗರು ಕೊಡುವ ಟ್ಯಾನಿನ್ ವಿಪರೀತ. ಅಂಚು ಬೇಗನೆ ಕಿತ್ತಳೆಗೆ ತಿರುಗುತ್ತದೆ. ಕನಿಷ್ಠ 38 ತಿಂಗಳು ಹಳತಾಗದೆ, ಅದರಲ್ಲಿ 18 ತಿಂಗಳು ಮರದ ಪೀಪಾಯಿಯಲ್ಲಿ ಕಳೆಯದೆ ಮಾರುವಂತಿಲ್ಲ. ಅಷ್ಟಾದರೂ ಒಗರು ಪೂರ್ತಿ ಇಳಿದಿರುವುದಿಲ್ಲ.

ಕೆಟ್ಟಿದ್ದರೆ ಮೂಗಿಗೇ ಗೊತ್ತಾಗುತ್ತದೆ. ಒದ್ದೆ ರಟ್ಟಿನ ವಾಸನೆ ಬಂದರೆ ಬಿರಡೆಯ ದೋಷ, ಗಾಳಿಗಿಟ್ಟರೂ ಹೋಗದು. ವಿನೆಗರ್ ಘಾಟು ಹೊಡೆದರೆ ಹುಳಿತಿದೆ. ಸರಿಯಿದ್ದರೆ ಒಣಗಿದ ಗುಲಾಬಿ, ಚೆರ್ರಿ, ಜೊತೆಗೆ ಡಾಂಬರಿನ ಎಳೆ. ಡಾಂಬರೆಂದು ಹೆದರಬೇಡಿ, ಅದು ಇದರ ಹೆಗ್ಗುರುತು.

ರುಚಿ ನೋಡುವಾಗ ವೈನ್ 16ರಿಂದ 18 ಡಿಗ್ರಿ ಸೆಲ್ಸಿಯಸ್ ಇರಲಿ; ಬೇಸಿಗೆಯಲ್ಲಿ ಮೊದಲು ಸ್ವಲ್ಪ ಹೊತ್ತು ಫ್ರಿಜ್ಜಿನಲ್ಲಿಡಿ. ತೀರಾ ತಣ್ಣಗಾದರೆ ಒಗರು ಇನ್ನೂ ಒರಟಾಗುತ್ತದೆ, ಬೆಚ್ಚಗಿದ್ದರೆ ಆಲ್ಕೊಹಾಲ್ ಮೂಗಿಗೆ ಬಡಿಯುತ್ತದೆ. ದೊಡ್ಡ ಗ್ಲಾಸಿಗೆ 50 ಮಿ.ಲೀ. ಸುರಿದು ತಿರುಗಿಸಿ, ಗುಟುಕನ್ನು ಹತ್ತು ಸೆಕೆಂಡು ಬಾಯಲ್ಲಿ ಆಡಿಸಿ ನುಂಗಿ. ಒಸಡು ಬಿಗಿಯುತ್ತದೆ, ಬಿಗಿಯಲಿ. ಆ ಬಿಗಿತದ ಹಿಂದೆಯೇ ಚೆರ್ರಿಯ ರುಚಿ ಉಳಿದಿದೆಯೇ ಎಂಬುದೇ ಪರೀಕ್ಷೆ. ಉಳಿದಿದ್ದರೆ ವೈನಿಗೆ ಆಯುಸ್ಸಿದೆ. ಬರೀ ಹುಳಿ, ಒಗರು ಉಳಿದಿದ್ದರೆ ಇಟ್ಟು ಫಲವಿಲ್ಲ. ಒಗರು ವರ್ಷಗಳಲ್ಲಿ ಮೆತ್ತಗಾದೀತು, ಇಲ್ಲದ ಹಣ್ಣಿನ ರುಚಿ ಬಾರದು. ಅರ್ಧ ಬಾಟಲಿಗೆ ಬಿರಡೆ ಹಾಕಿ ಫ್ರಿಜ್ಜಿನಲ್ಲಿಟ್ಟು ಮರುದಿನ ಮತ್ತೆ ನೋಡಿ. ನಿನ್ನೆಗಿಂತ ಪರಿಮಳ ಬಿಚ್ಚಿಕೊಂಡಿದ್ದರೆ ಒಳ್ಳೆಯ ಲಕ್ಷಣ.

ಕೊಬ್ಬಿನ ಮಾಂಸ, ಹಳೆಯ ಚೀಸ್ ಜೊತೆಗೆ ಕುಡಿದರೆ ಒಗರು ತಗ್ಗುತ್ತದೆ. ಖಾರದ ಸಾರಿನ ಜೊತೆ ಮಾತ್ರ ಬೇಡ, ಉರಿ ಇನ್ನೂ ಏರುತ್ತದೆ.

2016 ಬರೋಲೋಗೆ ಬಹಳ ಒಳ್ಳೆಯ ವರ್ಷ. ಎರಡನೆಯ ಬಾಟಲಿಯನ್ನು 12ರಿಂದ 14 ಡಿಗ್ರಿಯಲ್ಲಿ, ಕತ್ತಲಲ್ಲಿ, ಅಡ್ಡ ಮಲಗಿಸಿ ಇಡುವುದಾದರೆ ಇನ್ನೂ ಹತ್ತು ವರ್ಷ ಇಡಬಹುದು. ಅಡುಗೆಮನೆಯ ಕಪಾಟೇ ಗತಿಯಾದರೆ ಬೇಸಿಗೆಗೆ ಮುಂಚೆ ಕುಡಿದುಬಿಡಿ. ಸೆಕೆಗೆ ವೈನ್ ಹಿಗ್ಗಿ ಬಿರಡೆಯನ್ನು ಮೇಲಕ್ಕೆ ತಳ್ಳುತ್ತದೆ, ಹಣ್ಣಿನ ರುಚಿ ಬೆಂದ ಒಣದ್ರಾಕ್ಷಿಯಂತಾಗುತ್ತದೆ. ತೆರೆಯುವ ಹಿಂದಿನ ದಿನ ಬಾಟಲಿ ನಿಲ್ಲಿಸಿಡಿ, ಗಸಿ ತಳಕ್ಕೆ ಇಳಿಯುತ್ತದೆ. ಕತ್ತಿನ ಹಿಂದೆ ಟಾರ್ಚ್ ಹಿಡಿದು ನಿಧಾನ ಬಗ್ಗಿಸಿ, ಗಸಿ ಕತ್ತಿಗೆ ಬಂದ ಕೂಡಲೇ ನಿಲ್ಲಿಸಿ.