ಸ್ಯಾಂಪಲ್ ಪ್ರೋಗ್ರಾಮೇ ಕಂಪೈಲ್ ಆಗ್ತಿಲ್ಲ, ಏನು ಮಾಡಲಿ?

ಪ್ರಶ್ನೆ: ಸರ್, ನಮಸ್ಕಾರ. ನಾನು ಬಿಸಿಎ ಕೊನೆಯ ವರ್ಷದಲ್ಲಿ ಓದುತ್ತಿದ್ದೇನೆ. ಪ್ರಾಜೆಕ್ಟ್‌ಗೆ ಡಬ್ಲ್ಯೂಎಕ್ಸ್ ವಿಜೆಟ್ಸ್ 3.0 ಅನ್ನುವ, ಕಿಟಕಿ-ಬಟನ್ ಮಾಡುವ ಸಿ++ ಲೈಬ್ರರಿ ತಗೊಂಡಿದ್ದೇನೆ. ವಿಂಡೋಸ್, ಲಿನಕ್ಸ್ ಎರಡರಲ್ಲೂ ಅದೇ ಕೋಡ್ ಓಡುತ್ತೆ ಅನ್ನೋದೇ ಕಾರಣ. ಆದರೆ ಲ್ಯಾಬಿನಲ್ಲಿ ಡೆವ್ ಸಿ++ 5.11 ಐಡಿಇ (ಕೋಡ್ ಬರೆದು ಕಂಪೈಲ್ ಮಾಡುವ ಸಾಫ್ಟ್‌ವೇರ್) ಬಿಟ್ಟು ಬೇರೆ ಏನನ್ನೂ ಹಾಕಲು ಬಿಡುವುದಿಲ್ಲ. ಸ್ಯಾಂಪಲ್ಸ್ ಫೋಲ್ಡರಿನ ‘ಮಿನಿಮಲ್’ ಪ್ರೋಗ್ರಾಂ ತೆರೆದು ಎಫ್9 ಒತ್ತಿದರೆ ಮೊದಲು ‘ಸೆಟಪ್ ಡಾಟ್ ಎಚ್ ಸಿಗಲಿಲ್ಲ’ ಅಂತ ಬಂತು. ಆ ಫೈಲನ್ನು ಇನ್ನೊಬ್ಬರ ಹತ್ತಿರ ಇಸ್ಕೊಂಡು ಹಾಕಿದೆ. ಈಗ ಪರದೆ ತುಂಬಾ ‘ಅನ್‌ಡಿಫೈನ್ಡ್ ರೆಫರೆನ್ಸ್’. ಐಡಿಇ ಹಳೆಯದು ಅಂತ ಹೀಗಾಗ್ತಿದೆಯಾ?

ಉತ್ತರ: ಇಲ್ಲ, ಐಡಿಇ ಹಳೆಯದಾದ್ದರಿಂದ ಅಲ್ಲ. ನೀವಿನ್ನೂ ಲೈಬ್ರರಿಯನ್ನೇ ಕಂಪೈಲ್ ಮಾಡಿಲ್ಲ! ಡೌನ್‌ಲೋಡ್ ಮಾಡಿದ ಜಿಪ್‌ನಲ್ಲಿ ಇರುವುದು ಬರೀ ಸೋರ್ಸ್. ಲಿಂಕರ್ (ಕಂಪೈಲ್ ಆದ ತುಂಡುಗಳನ್ನು ಜೋಡಿಸಿ ಪ್ರೋಗ್ರಾಂ ಮಾಡುವುದು) ಹುಡುಕುವ ಲೈಬ್ರರಿ ಫೈಲುಗಳನ್ನು ನಾವೇ ತಯಾರಿಸಿಕೊಳ್ಳಬೇಕು. ಸೆಟಪ್ ಡಾಟ್ ಎಚ್ ಕೂಡ ಅದೇ ಹೊತ್ತಿಗೆ ತನ್ನ ಜಾಗಕ್ಕೆ ಬಂದು ಕೂರುತ್ತೆ. ಲೈಬ್ರರಿಯ ಯಾವ ಯಾವ ಭಾಗ ಬೇಕು, ಯಾವುದು ಬೇಡ ಅನ್ನೋದೆಲ್ಲ ಆ ಫೈಲಿನಲ್ಲೇ ಇರುವುದು. ಹಾಗಾಗಿ ಬೇರೆಯವರ ಸೆಟಪ್ ಫೈಲ್ ತಂದು ಹಾಕಬೇಡಿ, ಹಾಕಿದ್ದನ್ನು ಈಗಲೇ ಅಳಿಸಿಬಿಡಿ.

ಇಂಥ ಪ್ರಶ್ನೆ ಕೇಳುವ ಎಲ್ಲರಿಗೂ ನಾನು ಹೇಳುವುದು ಒಂದೇ. ಮೊದಲ ಸಲ ಐಡಿಇಯನ್ನು ಮುಟ್ಟಲೇಬೇಡಿ. ಡೆವ್ ಸಿ++ ಅನ್ನೋದು ಮೇಲಿನ ಮುಖ ಅಷ್ಟೇ, ಒಳಗೆ ನಿಜವಾಗಿ ಕೆಲಸ ಮಾಡುವುದು ಟಿಡಿಎಂ ಜಿಸಿಸಿ 4.9.2. ಅದೇ ಕಂಪೈಲರಿನಿಂದ, ಕಮಾಂಡ್ ಪ್ರಾಂಪ್ಟ್‌ನಲ್ಲಿ, ಮೊದಲು ಲೈಬ್ರರಿ ಆಮೇಲೆ ಸ್ಯಾಂಪಲ್ ಎರಡನ್ನೂ ಕಟ್ಟಿ (ಅಂದರೆ ಬಿಲ್ಡ್ ಮಾಡಿ). ಅಲ್ಲಿ ಓಡಿದ ಮೇಲೆ ಐಡಿಇಗೆ ಬನ್ನಿ.

ಲೈಬ್ರರಿಯನ್ನು ಸಿ ಡ್ರೈವಿನಲ್ಲಿ ನೇರವಾಗಿ, ಹೆಸರಿನ ನಡುವೆ ಜಾಗ ಇಲ್ಲದ ಫೋಲ್ಡರಿಗೆ ಬಿಚ್ಚಿ. ಕಮಾಂಡ್ ಪ್ರಾಂಪ್ಟ್ ತೆರೆದು, ಡೆವ್ ಸಿ++ ಫೋಲ್ಡರಿನೊಳಗಿನ ‘ಮಿಂಗ್‌ಡಬ್ಲ್ಯೂ64’ ಅಡಿಯ ‘ಬಿನ್’ ಫೋಲ್ಡರನ್ನು ಪಾತ್‌ನ (ವಿಂಡೋಸ್ ಪ್ರೋಗ್ರಾಂಗಳನ್ನು ಹುಡುಕುವ ಫೋಲ್ಡರುಗಳ ಪಟ್ಟಿ) ಮೊದಲಿಗೇ ಸೇರಿಸಿ. ಮೊದಲಿಗೇ ಯಾಕೆ ಅಂದರೆ ಎಷ್ಟೋ ಕಂಪ್ಯೂಟರಿನಲ್ಲಿ ಇನ್ನೊಂದು ಜಿಸಿಸಿ ಯಾವುದೋ ಮೂಲೆಯಲ್ಲಿ ಇರುತ್ತೆ, ಅದು ಮಧ್ಯೆ ನುಗ್ಗಿದರೆ ಮುಂದಿನದೆಲ್ಲ ಗೊಂದಲ. ಈಗ ಲೈಬ್ರರಿಯ ‘ಬಿಲ್ಡ್’ ಒಳಗಿನ ‘ಎಂಎಸ್‌ಡಬ್ಲ್ಯೂ’ ಫೋಲ್ಡರಿಗೆ ಹೋಗಿ, ಮಿಂಗ್‌ಡಬ್ಲ್ಯೂ32 ಮೇಕ್ ಅನ್ನುವ ಪ್ರೋಗ್ರಾಂಗೆ ಅಲ್ಲೇ ಇರುವ ಜಿಸಿಸಿಯ ಮೇಕ್‌ಫೈಲನ್ನು (ಯಾವುದನ್ನು ಹೇಗೆ ಕಟ್ಟಬೇಕು ಅನ್ನುವ ಸೂಚನೆಗಳ ಫೈಲ್) ಕೊಡಿ. ಜೊತೆಗೆ ಮೂರು ಆಯ್ಕೆ: ಬಿಲ್ಡ್‌ಗೆ ರಿಲೀಸ್, ಶೇರ್ಡ್‌ಗೆ 0, ಯೂನಿಕೋಡ್‌ಗೆ 1. ಏನೂ ಹೇಳದಿದ್ದರೆ 3.0ರಲ್ಲಿ ಡೀಬಗ್ ಲೈಬ್ರರಿ ತಯಾರಾಗುತ್ತೆ, ಅದರ ಫೈಲುಗಳ ಹೆಸರಿನಲ್ಲಿ ‘ಯು’ ಬದಲು ‘ಯುಡಿ’ ಇರುತ್ತೆ. ಆಮೇಲೆ ಪ್ರಾಜೆಕ್ಟ್‌ನಲ್ಲಿ ‘ಯು’ ಅಂತ ಬರೆದು ಲಿಂಕ್ ಆಗ್ತಿಲ್ಲ ಅಂತ ಒದ್ದಾಡುವವರೇ ಜಾಸ್ತಿ.

ಶುರುವಾದ ಕೂಡಲೇ ಸಿಂಟ್ಯಾಕ್ಸ್ ಎರರ್ ಅಂತ ನಿಂತುಬಿಟ್ಟರೆ ಗಿಟ್ ಅಥವಾ ಬೇರೆ ಯಾವುದಾದರೂ ಸಾಫ್ಟ್‌ವೇರ್ ತಂದ ಯೂನಿಕ್ಸ್ ಶೆಲ್ ಪಾತ್‌ನಲ್ಲಿ ಕೂತಿದೆಯಾ ನೋಡಿ. ಈ ಮೇಕ್‌ಫೈಲ್ ಬರೆದಿರುವುದು ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್‌ಗೆ, ಮೇಕ್ ಆ ಶೆಲ್‌ಗೆ ಕೊಟ್ಟರೆ ಅದಕ್ಕೆ ಅರ್ಥವಾಗುವುದಿಲ್ಲ. ಶೆಲ್‌ಗೆ ಸಿಎಂಡಿ ಅಂತ ಒಂದು ಆಯ್ಕೆ ಹೆಚ್ಚಿಗೆ ಕೊಟ್ಟರೆ ಸಾಕು.

ಹಳೆಯ ಮಷೀನಿನಲ್ಲಿ ಇದಕ್ಕೆ ತುಂಬಾ ಹೊತ್ತು ಹಿಡಿಯುತ್ತೆ, ಬಿಟ್ಟು ಬೇರೆ ಕೆಲಸ ನೋಡಿಕೊಳ್ಳಿ. ಮುಗಿದ ಮೇಲೆ ‘ಲಿಬ್’ ಒಳಗೆ ‘ಜಿಸಿಸಿ ಲಿಬ್’ ಅನ್ನುವ ಫೋಲ್ಡರ್, ಅದರೊಳಗೆ ‘ಎಂಎಸ್‌ಡಬ್ಲ್ಯೂಯು’ ಫೋಲ್ಡರ್ ಕಾಣಿಸುತ್ತೆ. ನೀವು ಹುಡುಕುತ್ತಿದ್ದ ಸೆಟಪ್ ಡಾಟ್ ಎಚ್ ಇರುವುದು ಅಲ್ಲೇ.

ಈಗ ಸ್ಯಾಂಪಲ್. ಪ್ರತಿ ಸ್ಯಾಂಪಲ್ ಫೋಲ್ಡರಿನಲ್ಲೂ ಅದರದ್ದೇ ಒಂದು ಮೇಕ್‌ಫೈಲ್ ಇದೆ. ‘ಮಿನಿಮಲ್’ ಫೋಲ್ಡರಿಗೆ ಹೋಗಿ ಅದೇ ಆದೇಶ, ಅದೇ ಮೂರು ಆಯ್ಕೆ ಕೊಡಿ. ಒಂದೂ ಬದಲಾಗಬಾರದು. ಆಗ ಪರದೆಯ ಮೇಲೆ ಉದ್ದುದ್ದ ಮೂರು ಸಾಲು ಬರುತ್ತವೆ: ಒಂದು ಕಂಪೈಲ್ ಮಾಡಿದ್ದು, ಒಂದು ವಿಂಡ್ರೆಸ್ ಅನ್ನುವ ಪ್ರೋಗ್ರಾಂ ರಿಸೋರ್ಸ್ (ಐಕಾನ್ ಮುಂತಾದವು) ಫೈಲ್ ಮಾಡಿದ್ದು, ಇನ್ನೊಂದು ಲಿಂಕ್ ಮಾಡಿದ್ದು. ಅವನ್ನು ಒಂದು ಟೆಕ್ಸ್ಟ್ ಫೈಲಿಗೆ ಉಳಿಸಿಕೊಳ್ಳಿ. ನಿಮಗೆ ಬೇಕಾಗಿರುವ ಉತ್ತರ ಪೂರ್ತಿ ಅಲ್ಲಿದೆ. ಯಾರ ಟ್ಯುಟೋರಿಯಲ್‌ಗಿಂತಲೂ ಅದನ್ನೇ ನಂಬಿ, ಯಾಕಂದರೆ ನಿಮ್ಮ ಕಂಪೈಲರಿನಲ್ಲಿ, ನಿಮ್ಮ ಲೈಬ್ರರಿಯ ಜೊತೆ, ಈಗಷ್ಟೇ ಕೆಲಸ ಮಾಡಿರುವುದು ಅದೇ.

ಡೆವ್ ಸಿ++ ತೆರೆದು ವಿಂಡೋಸ್ ಜಿಯುಐ ಬಗೆಯ ಖಾಲಿ ಪ್ರಾಜೆಕ್ಟ್ ಮಾಡಿ. ಕನ್ಸೋಲ್ ಬೇಡ. ಸುಮ್ನೆ ಒಂದು ಫೈಲ್ ತೆರೆದು ಎಫ್9 ಒತ್ತಿದರೆ ಆಗಲ್ಲ, ಪ್ರಾಜೆಕ್ಟ್ ಬೇಕೇ ಬೇಕು. ಪ್ರಾಜೆಕ್ಟ್ ಆಪ್ಷನ್ಸ್‌ನಲ್ಲಿ ಪ್ಯಾರಾಮೀಟರ್ಸ್ ಅನ್ನುವ ಪುಟ ಇದೆ. ಕಂಪೈಲ್ ಸಾಲಿನಲ್ಲಿ ‘ಮೈನಸ್ ಡಿ’ಯಿಂದ ಶುರುವಾಗುವುದನ್ನೆಲ್ಲ ಸಿ++ ಕಂಪೈಲರ್ ಪೆಟ್ಟಿಗೆಗೆ ಹಾಕಿ, ಲಿಂಕ್ ಸಾಲಿನ ‘ಮೈನಸ್ ಎಲ್’ಗಳನ್ನೆಲ್ಲ ಲಿಂಕರ್ ಪೆಟ್ಟಿಗೆಗೆ ಹಾಕಿ. ಲೈಬ್ರರಿಗಳ ಸಾಲು ಇದ್ದ ಹಾಗೇ ಇರಲಿ. ಜಿಸಿಸಿಯ ಲಿಂಕರ್ ಎಡದಿಂದ ಬಲಕ್ಕೆ ಓದಿಕೊಂಡು ಹೋಗುತ್ತೆ, ಹಿಂದೆ ತಿರುಗಿ ನೋಡಲ್ಲ. ‘ಕೋರ್’ ಮೊದಲು, ‘ಬೇಸ್’ ಆಮೇಲೆ, ಪಿಎನ್‌ಜಿ ಆದ ಮೇಲೆ ಜಡ್‌ಲಿಬ್, ಕೊನೆಗೆ ವಿಂಡೋಸ್‌ನ ಲೈಬ್ರರಿಗಳು. ಹಿಂದುಮುಂದಾದರೆ ಎಲ್ಲ ಫೈಲ್ ಇದ್ದೂ ಅನ್‌ಡಿಫೈನ್ಡ್ ರೆಫರೆನ್ಸ್ ಬರುತ್ತೆ.

ಡೈರೆಕ್ಟರೀಸ್ ಪುಟದಲ್ಲಿ ಲೈಬ್ರರಿಯ ‘ಇನ್‌ಕ್ಲೂಡ್’ ಫೋಲ್ಡರ್ ಮತ್ತು ಆ ‘ಎಂಎಸ್‌ಡಬ್ಲ್ಯೂಯು’ ಫೋಲ್ಡರ್ ಎರಡನ್ನೂ ಕೊಡಿ. ಲೈಬ್ರರಿ ದಾರಿಗೆ ‘ಜಿಸಿಸಿ ಲಿಬ್’. ಎಲ್ಲರೂ ಮರೆಯುವ ಮೂರನೆಯದು ರಿಸೋರ್ಸ್ ದಾರಿ. ಅಲ್ಲೂ ‘ಇನ್‌ಕ್ಲೂಡ್’ ಫೋಲ್ಡರನ್ನು ಸೇರಿಸಿ, ಸ್ಯಾಂಪಲ್ಸ್ ಫೋಲ್ಡರಿನ ರಿಸೋರ್ಸ್ ಫೈಲನ್ನು ಪ್ರಾಜೆಕ್ಟ್‌ಗೆ ಹಾಕಿ. ಅದಿಲ್ಲದೆಯೂ ಪ್ರೋಗ್ರಾಂ ಕಂಪೈಲ್ ಆಗಿಬಿಡುತ್ತೆ, ಆದರೆ ಓಡಿಸಿದಾಗ ಐಕಾನ್ ಸಿಗುವುದಿಲ್ಲ, ಬಟನ್ನುಗಳು ಓಬೀರಾಯನ ಕಾಲದ ವಿಂಡೋಸ್‌ನವು ಅನ್ನಿಸುತ್ತವೆ.

ಇನ್ನೂ ಒಂದು. ಡೆವ್ ಸಿ++ ಮೇಲಿನ ಪಟ್ಟಿಯಲ್ಲಿ 64 ಬಿಟ್ ರಿಲೀಸ್, 32 ಬಿಟ್ ರಿಲೀಸ್ ಅಂತೆಲ್ಲ ಆಯ್ಕೆಗಳಿವೆ ಅಲ್ವಾ? ಈ ಟಿಡಿಎಂ ಕಮಾಂಡ್ ಪ್ರಾಂಪ್ಟ್‌ನಲ್ಲಿ ತಾನಾಗಿ ಕಟ್ಟುವುದು 64 ಬಿಟ್. ಐಡಿಇಯಲ್ಲೂ ಅದೇ ಇರಲಿ. 32 ಇಟ್ಟರೆ ಲಿಂಕರ್ ‘ಸ್ಕಿಪ್ಪಿಂಗ್ ಇನ್‌ಕಂಪ್ಯಾಟಿಬಲ್’ ಅಂತ ಒಂದು ಸಾಲು ಹೇಳಿ, ಕೆಳಗೆ ‘ಕೆನಾಟ್ ಫೈಂಡ್’ ಅನ್ನುತ್ತೆ. ಜನ ಕೆಳಗಿನ ಸಾಲನ್ನಷ್ಟೇ ಓದಿ ಫೈಲ್ ಎಲ್ಲಿ ಹೋಯಿತು ಅಂತ ಹುಡುಕುತ್ತಾರೆ. ಫೈಲ್ ಅಲ್ಲೇ ಇರುತ್ತೆ, ಬಿಟ್ ಬೇರೆ ಅಷ್ಟೇ.

ಲೈಬ್ರರಿಯನ್ನು ಮನೆಯಲ್ಲೇ ಕಟ್ಟಿಕೊಂಡು ಪೆನ್‌ಡ್ರೈವಿನಲ್ಲಿ ಲ್ಯಾಬಿಗೆ ಒಯ್ಯಬಹುದು, ಏನೂ ತೊಂದರೆ ಇಲ್ಲ. ಮನೆಯಲ್ಲೂ ಇದೇ 5.11 ಇರಬೇಕು ಅನ್ನೋದೊಂದೇ ಷರತ್ತು. ಬೇರೆ ಜಿಸಿಸಿಯಲ್ಲಿ ಕಟ್ಟಿದ ಸಿ++ ಲೈಬ್ರರಿ ಇದಕ್ಕೆ ಹೊಂದುತ್ತೆ ಅನ್ನುವ ಖಾತ್ರಿ ಇಲ್ಲ.

ಪ್ರಶ್ನೆ: ಸರ್, ಸ್ಯಾಂಪಲ್ ಓಡಿತು. ಆದರೆ ಕಿಟಕಿಯ ಶೀರ್ಷಿಕೆಯನ್ನು ಕನ್ನಡದಲ್ಲಿ ಹಾಕಿದರೆ ಬರೀ ಪ್ರಶ್ನಾರ್ಥಕ ಚಿಹ್ನೆ ಬರುತ್ತಿದೆ. ಡೆವ್ ಸಿ++ನಲ್ಲೇ ಟೈಪ್ ಮಾಡಿದ್ದು.

ಉತ್ತರ: ನೀವು ಕನ್ನಡದಲ್ಲಿ ಹಾಕಲು ಹೊರಟಿದ್ದೇ ಖುಷಿ. ಲೈಬ್ರರಿಗೆ ಕನ್ನಡ ಚೆನ್ನಾಗಿ ಬರುತ್ತೆ, ಬಾರದಿರುವುದು ಈ ಎಡಿಟರಿಗೆ. ಅದು ಫೈಲನ್ನು ವಿಂಡೋಸ್‌ನ ಹಳೆಯ ಆನ್ಸಿ ಕೋಡ್‌ಪೇಜ್‌ನಲ್ಲಿ (ಯಾವ ಅಕ್ಷರಕ್ಕೆ ಯಾವ ಸಂಖ್ಯೆ ಅನ್ನುವ ಪಟ್ಟಿ) ಉಳಿಸುತ್ತೆ. ಕನ್ನಡಕ್ಕೆ ಅಂಥ ಕೋಡ್‌ಪೇಜ್ ಯಾವತ್ತೂ ಇರಲಿಲ್ಲ, ವಿಂಡೋಸ್‌ನಲ್ಲಿ ಕನ್ನಡ ಇರುವುದು ಯೂನಿಕೋಡ್‌ನಲ್ಲಿ ಮಾತ್ರ. ಹಾಗಾಗಿ ಉಳಿಸುವಾಗಲೇ ನಿಮ್ಮ ಅಕ್ಷರಗಳು ಹೋಗಿಬಿಟ್ಟಿವೆ.

ಒಂದೆರಡು ಪದ ಆದರೆ ಪ್ರತಿ ಅಕ್ಷರದ ಯೂನಿಕೋಡ್ ಸಂಖ್ಯೆಯನ್ನೇ ಕೋಡ್‌ನಲ್ಲಿ ಬರೆಯಬಹುದು, ‘ನ’ಗೆ 0ಸಿಎ8 ಅನ್ನುವ ಹಾಗೆ. ಪ್ರಾಜೆಕ್ಟ್ ಅಂದ ಮೇಲೆ ಅದು ಸಾಲಲ್ಲ. ಕೋಡ್‌ನಲ್ಲಿ ಇಂಗ್ಲಿಷ್ ಪದಗಳನ್ನು ಇಟ್ಟು, ಕನ್ನಡವನ್ನು ಗೆಟ್‌ಟೆಕ್ಸ್ಟ್ ಅನ್ನುವ ಅನುವಾದ ವ್ಯವಸ್ಥೆಯ ಪ್ರತ್ಯೇಕ ಫೈಲಿನಲ್ಲಿ ಇಡಿ. ಪೋಎಡಿಟ್‌ನಲ್ಲಿ ಅದನ್ನು ಆರಾಮಾಗಿ ಬರೆಯಬಹುದು. ಇದು ಹೇಗೆ ನಡೆಯುತ್ತೆ ಅನ್ನೋದಕ್ಕೆ ಸ್ಯಾಂಪಲ್ಸ್‌ನಲ್ಲೇ ‘ಇಂಟರ್‌ನ್ಯಾಟ್’ ಅಂತ ಒಂದಿದೆ, ಅದನ್ನು ಕಟ್ಟಿ ನೋಡಿ. ಲೈಬ್ರರಿಯ ಭಾಷೆಗಳ ಪಟ್ಟಿಯಲ್ಲಿ ಕನ್ನಡ ಇದೆ. ಫಾಂಟ್ ಬಗ್ಗೆ ಯೋಚನೆ ಬೇಡ, ವಿಂಡೋಸ್ 7ರಲ್ಲಿ ತುಂಗಾ, 8ರಿಂದ ಮೇಲೆ ನಿರ್ಮಲಾ ಜೊತೆಯಲ್ಲೇ ಬಂದಿರುತ್ತೆ.

ಪ್ರಶ್ನೆ: ನಮ್ಮ ಹತ್ತಿರ ವಿಷುಯಲ್ ಸಿ++ 6 ಇದೆ. ಅದರಲ್ಲಿ ಈ ಸ್ಯಾಂಪಲ್‌ಗಳು ಆಗುತ್ತವೆಯೇ?

ಉತ್ತರ: 3.0 ಸರಣಿಯಾದರೆ ಆಗುತ್ತೆ, 3.1ರಿಂದ ಆ ಬೆಂಬಲ ತೆಗೆದಿದ್ದಾರೆ. 1998ರ ಕಂಪೈಲರ್ ಅದು, ಅಲ್ಲಿವರೆಗೆ ಜೊತೆಗೆ ಕರ್ಕೊಂಡು ಬಂದಿದ್ದೇ ದೊಡ್ಡದು. ಮೊದಲು ‘ಬಿಲ್ಡ್’ ಫೋಲ್ಡರಿನ ವರ್ಕ್‌ಸ್ಪೇಸ್ ತೆರೆದು ಲೈಬ್ರರಿಯನ್ನು ಯೂನಿಕೋಡ್ ರಿಲೀಸ್‌ನಲ್ಲಿ ಕಟ್ಟಿ, ಆಮೇಲೆ ಮಿನಿಮಲ್‌ನ ಪ್ರಾಜೆಕ್ಟ್ ಫೈಲ್ ತೆರೆದು ಅದೇ ಆಯ್ಕೆಯಲ್ಲಿ ಕಟ್ಟಿ. ಸೋರ್ಸನ್ನು ಮಾತ್ರ ಜಿಪ್ ರೂಪದಲ್ಲೇ ಇಳಿಸಿಕೊಳ್ಳಿ. ಲಿನಕ್ಸ್‌ನವರಿಗಾಗಿ ಇಟ್ಟಿರುವ ಟಾರ್ ಫೈಲಿನಲ್ಲಿ ಸಾಲು ಮುಗಿಯುವ ಗುರುತು ಬೇರೆ ಥರ ಇರುತ್ತೆ, ಅಂಥ ಪ್ರಾಜೆಕ್ಟ್ ಫೈಲನ್ನು ವಿಷುಯಲ್ ಸಿ++ 6 ತನ್ನದು ಅಂತ ಗುರುತಿಸುವುದೇ ಇಲ್ಲ.