‘ಸ್ಟೇಷನ್‌ನಿಂದ ಐದೇ ನಿಮಿಷ’ ಎಂದರೆ ಎಷ್ಟು ದೂರ?

(ಮೂವತ್ತೊಂದು ವರ್ಷ ಔಷಧ ಕಂಪನಿಯ ಮಾರಾಟ ಪ್ರತಿನಿಧಿಯಾಗಿ ಊರೂರು ತಿರುಗಿ, ತಿಂಗಳಲ್ಲಿ ಹದಿನೈದು ರಾತ್ರಿ ಲಾಡ್ಜ್‌ಗಳಲ್ಲಿ ಮಲಗಿ, ಈಗ ತುಮಕೂರಿನಲ್ಲಿ ವಿಶ್ರಾಂತರಾಗಿರುವ ನಮ್ಮ ಅಂಕಣಕಾರರು ಪ್ರಯಾಣದ ಪ್ರಶ್ನೆಗಳಿಗೆ ಉತ್ತರಿಸುತ್ತಾರೆ.)

ಪ್ರಶ್ನೆ: ನಮ್ಮ ಅವ್ವನಿಗೆ 74 ವರ್ಷ. ಮೊಣಕಾಲು ತೋರಿಸಲು ಬೆಂಗಳೂರಿಗೆ ಕರೆದುಕೊಂಡು ಹೊರಟಿದ್ದೇನೆ. ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್‌ಗೆ ಟಿಕೆಟ್ ಆಗಿದೆ. ಬೆಳಿಗ್ಗೆ ಸಿಟಿ ಸ್ಟೇಷನ್‌ನಲ್ಲಿ ಇಳಿದು, ಸ್ನಾನ ಮಾಡಿಸಿ, 11 ಗಂಟೆಗೆ ಡಾಕ್ಟರ ಮುಂದೆ ಕೂರಿಸಬೇಕು. ಮೊಬೈಲ್‌ನಲ್ಲಿ ನೋಡಿದರೆ ‘ನಿಲ್ದಾಣಕ್ಕೆ 300 ಮೀಟರ್’, ‘450 ಮೀಟರ್’ ಎಂದು ಹತ್ತಾರು ಹೋಟೆಲುಗಳಿವೆ. ಆಟೊದವರೊಂದಿಗೆ ಜಗಳವಾಡದೆ ನಡೆದೇ ಸೇರುವಂತಹದ್ದನ್ನು ಆರಿಸುವುದು ಹೇಗೆ?
– ಓದುಗರೊಬ್ಬರು, ಧಾರವಾಡ

ಉತ್ತರ: ಮೊದಲು ಆ 300 ಮೀಟರನ್ನು ಮರೆತುಬಿಡಿ ತಾಯಿ. ಅದು ನಕ್ಷೆಯ ಮೇಲೆ ಸ್ಕೇಲ್ ಇಟ್ಟು ಎಳೆದ ಗೆರೆಯ ಉದ್ದ. ಗೆರೆಗೆ ಕಂಬಿ ಅಡ್ಡ ಬರುವುದಿಲ್ಲ, ಕಾಂಪೌಂಡ್ ಗೋಡೆ ಅಡ್ಡ ಬರುವುದಿಲ್ಲ. ನಿಮಗೆ ಬರುತ್ತದೆ.

ನನಗೆ ಬಂದಿತ್ತು. ನಿವೃತ್ತಿಗೆ ಇನ್ನೆರಡು ವರ್ಷ ಇದ್ದಾಗ, ಮಗನ ಮಾತು ಕೇಳಿ ಮೊದಲ ಸಲ ಮೊಬೈಲ್‌ನಲ್ಲಿ ರೂಮ್ ಹಿಡಿದಿದ್ದೆ. ‘ಬೆಂಗಳೂರು ನಿಲ್ದಾಣಕ್ಕೆ 350 ಮೀಟರ್’ ಎಂದಿತ್ತು. ಒಂದನೇ ಪ್ಲಾಟ್‌ಫಾರ್ಮಿನಲ್ಲಿ ಇಳಿದು, ಅಭ್ಯಾಸಬಲದಿಂದ ಮೆಜೆಸ್ಟಿಕ್ ಕಡೆಗೆ ಹೊರಬಂದು, ಬಾಳೆಹಣ್ಣಿನ ಗಾಡಿಯವರನ್ನು ವಿಳಾಸ ಕೇಳಿದೆ. ಅವರು ನನ್ನ ಮುಖವನ್ನೂ ಎರಡು ಬ್ಯಾಗುಗಳನ್ನೂ ನೋಡಿ, ‘ಅಯ್ಯೋ, ಅದು ಓಕಳಿಪುರದಲ್ಲಿದೆ ಸರ್, ಕಂಬಿಯ ಆಚೆ’ ಎಂದರು. ತುಂತುರು ಮಳೆ. ಔಷಧದ ಸ್ಯಾಂಪಲ್ ತುಂಬಿದ ಬ್ಯಾಗು. ನಿಲ್ದಾಣವನ್ನೆಲ್ಲ ಸುತ್ತುಹಾಕಿ, ಅಂಡರ್‌ಪಾಸ್‌ನ ಕೆಸರು ತುಳಿದು ಲಾಡ್ಜ್ ಮುಟ್ಟುವಾಗ ನಲವತ್ತು ನಿಮಿಷ ಕಳೆದಿತ್ತು. ಕೊಠಡಿಯ ಕಿಟಕಿ ತೆರೆದರೆ ಎದುರಿಗೇ ಪ್ಲಾಟ್‌ಫಾರ್ಮಿನ ದೀಪಗಳು! ಮೊಬೈಲ್ ಹೇಳಿದ್ದು ಸುಳ್ಳೇನೂ ಆಗಿರಲಿಲ್ಲ.

ಆದ್ದರಿಂದ ನಿಲ್ದಾಣಕ್ಕೆ ಎಷ್ಟು ಬಾಗಿಲು, ನಮ್ಮ ಲಾಡ್ಜ್ ಯಾವ ಬಾಗಿಲಿನ ಕಡೆ ಎನ್ನುವುದು ಮೊದಲು ಇತ್ಯರ್ಥವಾಗಬೇಕು. ಸಿಟಿ ಸ್ಟೇಷನ್‌ಗೆ (ಈಗಿನ ಹೆಸರು ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ ನಿಲ್ದಾಣ) ಮುಂಬಾಗಿಲು ಒಂದನೇ ಪ್ಲಾಟ್‌ಫಾರ್ಮಿನ ಕಡೆ. ಹೊರಬಂದರೆ ಮೆಜೆಸ್ಟಿಕ್. ಹಿಂಬಾಗಿಲು ಹತ್ತನೇ ಪ್ಲಾಟ್‌ಫಾರ್ಮಿನ ಕಡೆ. ಅದು ಓಕಳಿಪುರ, ಮಾಗಡಿ ರಸ್ತೆಗಳ ದಿಕ್ಕು. ನಿಮ್ಮಂತೆ ವಯಸ್ಸಾದವರನ್ನು ಕರೆತರುವವರು ಮುಂಬಾಗಿಲಿನ ಕಡೆಯನ್ನೇ ಆರಿಸಿಕೊಳ್ಳಿ. ಬೆಳಿಗ್ಗೆ ಕಾಫಿ, ಇಡ್ಲಿ, ಔಷಧದ ಅಂಗಡಿ ಎಲ್ಲವೂ ಆ ಕಡೆಗೇ ಹೆಚ್ಚು.

ಮುಂಬಾಗಿಲಿನ ಕಡೆಯೂ ಎಲ್ಲ ಲಾಡ್ಜ್‌ಗಳೂ ಒಂದೇ ಅಲ್ಲ. ನಿಲ್ದಾಣದ ಎದುರಿನ ಗುಬ್ಬಿ ತೋಟದಪ್ಪ ರಸ್ತೆಯವು ಒಂದು ಗುಂಪು. ಬಸ್ ನಿಲ್ದಾಣದ ಆಚೆ ಗಾಂಧಿನಗರ, ಸುಬೇದಾರ್ ಛತ್ರದ ರಸ್ತೆಯವು ಇನ್ನೊಂದು ಗುಂಪು. ಎರಡನೆಯ ಗುಂಪಿನವರೂ ‘ಸ್ಟೇಷನ್ ಹತ್ತಿರ’ ಎಂದೇ ಬರೆದುಕೊಳ್ಳುತ್ತಾರೆ. ನಡುವೆ ಇರುವುದು ಹಿಂದೊಮ್ಮೆ ಧರ್ಮಾಂಬುಧಿ ಕೆರೆಯಾಗಿದ್ದು ಈಗ ಬಸ್ಸುಗಳ ಕೆರೆಯಾಗಿರುವ ಜಾಗ. ಅದನ್ನು ದಾಟಬೇಕೆಂದರೆ ಒಂದೋ ವಾಹನಗಳ ನಡುವೆ ನುಗ್ಗಬೇಕು, ಇಲ್ಲವೇ ಸುರಂಗದ ಮೆಟ್ಟಿಲು ಇಳಿದು ಹತ್ತಬೇಕು. ನನ್ನಂತಹವನಿಗೆ ಅದು ಹತ್ತು ನಿಮಿಷದ ದಾರಿ. ಮೊಣಕಾಲು ನೋವಿನವರಿಗೆ ಇಳಿಯುವ ಮೆಟ್ಟಿಲೇ ಶತ್ರು. ನೀವು ಮೊದಲ ಗುಂಪನ್ನು ಬಿಟ್ಟು ಆಚೆ ಹೋಗಬೇಡಿ, ಬಾಡಿಗೆ ಮುನ್ನೂರು ರೂಪಾಯಿ ಹೆಚ್ಚಾದರೂ ಸರಿ.

ಇಲ್ಲಿ ನಮ್ಮ ಜಿಲ್ಲೆಯ ಜಂಬ ಸ್ವಲ್ಪ ಕೊಚ್ಚಿಕೊಳ್ಳುತ್ತೇನೆ. ರೈಲಿನಿಂದ ಇಳಿದವರು ಗಂಟುಮೂಟೆ ಹೊತ್ತು ಅಲೆಯಬಾರದೆಂದು ನಿಲ್ದಾಣದ ಎದುರಿಗೇ ಛತ್ರ ಕಟ್ಟಿಸಿದವರು ಗುಬ್ಬಿ ತೋಟದಪ್ಪನವರು. 1903ರಲ್ಲಿ ಅದು ಆರಂಭವಾಯಿತು. ಈಗಿನ ಹೋಟೆಲು ಕಟ್ಟುವವರು ಲಾಭ ನಷ್ಟ ನೋಡಿ ಜಾಗ ಹುಡುಕುತ್ತಾರೆ. ಆ ವರ್ತಕರು ಹೊರೆ ಹೊತ್ತವನ ಕಾಲು ನೋಡಿ ಹುಡುಕಿದ್ದರು.

ಇನ್ನು ಫೋನ್. ರೂಮ್ ಹಿಡಿಯುವ ಮುಂಚೆ ಲಾಡ್ಜ್‌ಗೆ ನೇರವಾಗಿ ಕರೆ ಮಾಡಿ. ‘ಸ್ಟೇಷನ್‌ನಿಂದ ಎಷ್ಟು ದೂರ?’ ಎಂದು ಮಾತ್ರ ಕೇಳಬೇಡಿ. ಆ ಪ್ರಶ್ನೆಗೆ ದೇಶದಾದ್ಯಂತ ಇರುವುದು ಒಂದೇ ಉತ್ತರ: ‘ಇಲ್ಲೇ ಮೇಡಂ, ಐದೇ ನಿಮಿಷ.’ ಹರಿಹರದಲ್ಲೂ ಅದೇ, ಹೈದರಾಬಾದಿನಲ್ಲೂ ಅದೇ. ‘ನಿಮ್ಮ ಬಾಗಿಲಲ್ಲಿ ನಿಂತರೆ ಎದುರಿಗೆ ಏನು ಕಾಣುತ್ತದೆ?’ ಎಂದು ಕೇಳಿ. ಆಗ ಅವರು ಅನಿವಾರ್ಯವಾಗಿ ನಿಜ ಹೇಳುತ್ತಾರೆ. ಆಮೇಲೆ, ‘ಸ್ಟೇಷನ್‌ನಿಂದ ಬರುವಾಗ ದೊಡ್ಡ ರಸ್ತೆ ಎಷ್ಟು ಸಲ ದಾಟಬೇಕು?’ ಎಂದು ಕೇಳಿ. ಎರಡು ಸಲ ಎಂದರೆ ಬೇರೆ ಲಾಡ್ಜ್ ನೋಡಿ.

ಲಿಫ್ಟ್ ಇದೆಯೇ ಎಂದರೆ ಎಲ್ಲರೂ ಇದೆ ಎನ್ನುತ್ತಾರೆ. ಲಿಫ್ಟಿನವರೆಗೆ ಎಷ್ಟು ಮೆಟ್ಟಿಲು ಎಂದು ಕೇಳಬೇಕು. ಹಳೆಯ ಕಟ್ಟಡಗಳಲ್ಲಿ ಬೀದಿಯಿಂದ ಕೌಂಟರಿಗೆ ಆರೇಳು ಮೆಟ್ಟಿಲು, ಕೌಂಟರಿನಿಂದ ಲಿಫ್ಟಿಗೆ ಇನ್ನು ನಾಲ್ಕು. ಒಮ್ಮೆ ಹೀಗೆಯೇ ಒಂದು ಕಡೆ, ಲಿಫ್ಟು ಅರ್ಧ ಅಂತಸ್ತಿನಲ್ಲಿ ನಿಲ್ಲುತ್ತಿತ್ತು; ಅಲ್ಲಿಂದ ಎತ್ತ ಹೋದರೂ ಎಂಟು ಮೆಟ್ಟಿಲು. ಕಟ್ಟಿದ ಮೇಸ್ತ್ರಿಗೆ ಯಾರ ಮೇಲಿನ ಸಿಟ್ಟೋ. ಕಮೋಡ್ ಇರುವ ಕೊಠಡಿಯೇ ಬೇಕೆಂದು ಈಗಲೇ ಹೇಳಿಡಿ. ಬಿಸಿನೀರು ಎಷ್ಟರಿಂದ ಎಷ್ಟರವರೆಗೆ ಎಂದೂ ಕೇಳಿ. ಕೆಲವು ಕಡೆ ಬೆಳಿಗ್ಗೆ ಎರಡು ಮೂರು ಗಂಟೆ ಮಾತ್ರ ಬಿಡುತ್ತಾರೆ.

ನಿಮಗೆ ಎಲ್ಲಕ್ಕಿಂತ ಮುಖ್ಯವಾದದ್ದು ದಿನದ ಲೆಕ್ಕ. ಕೆಲವು ಲಾಡ್ಜ್‌ಗಳದ್ದು 24 ಗಂಟೆಯ ಲೆಕ್ಕ: ಬೆಳಿಗ್ಗೆ 7ಕ್ಕೆ ಹೋದರೆ ಮರುದಿನ 7ರವರೆಗೆ ಒಂದು ದಿನ. ಇನ್ನು ಕೆಲವರದ್ದು ಮಧ್ಯಾಹ್ನ 12ರ ಲೆಕ್ಕ. ಅಲ್ಲಿಗೆ ನೀವು ಬೆಳಿಗ್ಗೆ ಹೋದರೆ ಒಂದೋ ಸೋಫಾದ ಮೇಲೆ ಕೂರಿಸುತ್ತಾರೆ, ಇಲ್ಲವೇ ಅರ್ಧ ದಿನದ ಬಾಡಿಗೆ ಕೇಳುತ್ತಾರೆ. ರಾತ್ರಿಯ ರೈಲಿನಲ್ಲಿ ಬರುವ ಉತ್ತರ ಕರ್ನಾಟಕದವರು ಇದೊಂದರಲ್ಲೇ ಕೈ ಸುಟ್ಟುಕೊಳ್ಳುವುದು. 24 ಗಂಟೆಯ ಲೆಕ್ಕದವರನ್ನೇ ಹುಡುಕಿ. ಬಾಡಿಗೆಯಲ್ಲಿ ಜಿಎಸ್‌ಟಿ ಸೇರಿದೆಯೇ ಎಂದೂ ಕೇಳಿ. ದಿನಕ್ಕೆ 7,500 ರೂಪಾಯಿವರೆಗಿನ ಕೊಠಡಿಗೆ 2025ರ ಸೆಪ್ಟೆಂಬರ್ 22ರಿಂದ ಶೇ 5 ಆಗಿದೆ. ಯಾರಾದರೂ ಹಳೆಯ ಶೇ 12 ಹೇಳಿದರೆ ನಗುತ್ತಲೇ ತಿದ್ದಿ.

ಅದೇ ದಿನ ರಾತ್ರಿ ಹಿಂದಿರುಗುವುದಾದರೆ ಲಾಡ್ಜೇ ಬೇಡ. ನಿಲ್ದಾಣದೊಳಗೇ ರೈಲ್ವೆಯ ವಿಶ್ರಾಂತಿ ಕೊಠಡಿಗಳಿವೆ. ಟಿಕೆಟ್ ಖಚಿತವಾಗಿದ್ದರೆ ಅಥವಾ ಆರ್‌ಎಸಿಯಲ್ಲಿದ್ದರೆ (ಕೂರಲು ಸೀಟು ಸಿಕ್ಕಿ, ಮಲಗುವ ಬರ್ತ್‌ಗೆ ಕಾಯುವ ಸ್ಥಿತಿ) ಟಿಕೆಟಿನ ಪಿಎನ್‌ಆರ್ ಸಂಖ್ಯೆ ಕೊಟ್ಟು ರೈಲ್ವೆಯ ಬುಕಿಂಗ್ ತಾಣ ಐಆರ್‌ಸಿಟಿಸಿಯಲ್ಲಿ 12 ಗಂಟೆಗೋ 24 ಗಂಟೆಗೋ ಹಿಡಿಯಬಹುದು. ಬೇಗ ತುಂಬಿಹೋಗುತ್ತವೆ, ಇವತ್ತೇ ನೋಡಿ. ಇನ್ನೊಂದು ಮಾತು: ಅವ್ವನವರ ಆಧಾರ್ ಕಾರ್ಡ್ ಮರೆಯಬೇಡಿ. ಮಗಳದ್ದು ಒಂದಿದ್ದರೆ ಸಾಕು ಎಂದುಕೊಂಡು ಬಂದು ಕೌಂಟರಿನಲ್ಲಿ ನಿಂತವರನ್ನು ಬಹಳ ನೋಡಿದ್ದೇನೆ.

ಪ್ರಶ್ನೆ: ಕಲಬುರಗಿಯಿಂದ ವಂದೇ ಭಾರತ್ ರೈಲಿನಲ್ಲಿ ನಾಲ್ವರು ಬರುತ್ತಿದ್ದೇವೆ. ಮೆಜೆಸ್ಟಿಕ್‌ನಲ್ಲಿ ಎರಡು ರೂಮ್ ಕಾಯ್ದಿರಿಸಿ ಮುಂಗಡವನ್ನೂ ಕೊಟ್ಟಿದ್ದೇವೆ. ಸ್ಟೇಷನ್‌ನಿಂದ ನಡೆದು ಹೋಗಲು ಎಷ್ಟು ಹೊತ್ತು ಬೇಕು?
– ಓದುಗರೊಬ್ಬರು, ಕಲಬುರಗಿ

ಉತ್ತರ: ಎರಡು ಗಂಟೆಗೂ ಹೆಚ್ಚು. ತಮಾಷೆ ಮಾಡುತ್ತಿಲ್ಲ. ನಿಮ್ಮ ಗಾಡಿ ಸಿಟಿ ಸ್ಟೇಷನ್‌ಗೆ ಬರುವುದೇ ಇಲ್ಲ. ಯಲಹಂಕ ದಾಟಿ ಬೈಯಪ್ಪನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್‌ಗೆ ಹೋಗುತ್ತದೆ. ಅಲ್ಲಿಂದ ಮೆಜೆಸ್ಟಿಕ್‌ಗೆ ಸುಮಾರು ಹತ್ತು ಕಿಲೋಮೀಟರ್.

ಟಿಕೆಟ್ ತೆಗೆದು ಇಂಗ್ಲಿಷ್ ಅಕ್ಷರಗಳನ್ನು ನೋಡಿ. ಎಸ್‌ಬಿಸಿ ಎಂದಿದ್ದರೆ ಸಿಟಿ ಸ್ಟೇಷನ್, ವೈಪಿಆರ್ ಎಂದರೆ ಯಶವಂತಪುರ, ಬಿಎನ್‌ಸಿ ಎಂದರೆ ದಂಡು ಅಂದರೆ ಕಂಟೋನ್ಮೆಂಟ್, ಎಸ್‌ಎಂವಿಬಿ ಎಂದರೆ ಈ ಹೊಸ ಟರ್ಮಿನಲ್. ಅದು ಶುರುವಾದದ್ದು 2022ರ ಜೂನ್‌ನಲ್ಲಿ. ಅಂದಿನಿಂದ ದೂರದ ಊರುಗಳ ಎಷ್ಟೋ ಗಾಡಿಗಳು ಅಲ್ಲಿಗೇ ಬರುತ್ತವೆ. ನಮ್ಮ ತಲೆಯಲ್ಲಿ ಮಾತ್ರ ಇನ್ನೂ ‘ಬೆಂಗಳೂರು ಎಂದರೆ ಮೆಜೆಸ್ಟಿಕ್’. ಅಕ್ಕಪಕ್ಕದಲ್ಲೇ ಮೆಟ್ರೊ ಇದೆ ಎಂದುಕೊಂಡು ಹೊರಗೆ ಕಾಲಿಟ್ಟರೆ ಅದೂ ಇಲ್ಲ. ಬೈಯಪ್ಪನಹಳ್ಳಿ ಎಂಬ ಹೆಸರಿನ ಮೆಟ್ರೊ ನಿಲ್ದಾಣಕ್ಕೂ ಟರ್ಮಿನಲ್‌ಗೂ ನಡುವೆ ಗಂಟು ಹೊತ್ತು ನಡೆಯಲಾಗದಷ್ಟು ದೂರವಿದೆ. ಮುಂಗಡ ಹಿಂತಿರುಗದಿದ್ದರೆ ಬಸ್ಸೋ ಆಟೊವೋ ಹಿಡಿದು ಆ ಮೆಟ್ರೊ ನಿಲ್ದಾಣ ಸೇರಿಕೊಳ್ಳಿ. ಅಲ್ಲಿಂದ ನೇರಳೆ ಮಾರ್ಗ ನೇರವಾಗಿ ಮೆಜೆಸ್ಟಿಕ್‌ಗೆ ತಲುಪಿಸುತ್ತದೆ. ಮುಂಗಡ ಹಿಂತಿರುಗುವುದಾದರೆ, ನಿಮ್ಮ ಕೆಲಸ ಇಂದಿರಾನಗರ, ವೈಟ್‌ಫೀಲ್ಡ್ ಕಡೆ ಇದ್ದರೆ, ಆ ನೇರಳೆ ಮಾರ್ಗದ ಮೇಲೆಯೇ ಎಲ್ಲಾದರೂ ಇಳಿದುಕೊಳ್ಳಿ. ಮೆಜೆಸ್ಟಿಕ್‌ಗೆ ಬಂದು ಮತ್ತೆ ಅದೇ ದಾರಿಯಲ್ಲಿ ಹಿಂದೆ ಹೋಗುವುದು ಯಾತಕ್ಕೆ?

ಪ್ರಶ್ನೆ: ಸ್ಪರ್ಧಾತ್ಮಕ ಪರೀಕ್ಷೆಗೆ ಒಬ್ಬಳೇ ಬರುತ್ತಿದ್ದೇನೆ. ರೈಲು ಸಿಟಿ ಸ್ಟೇಷನ್ ಮುಟ್ಟುವಾಗ ರಾತ್ರಿ 10 ಆಗುತ್ತದೆ. ಲಾಡ್ಜ್‌ನಲ್ಲಿ ಉಳಿಯಬಹುದೇ? ಮನೆಯಲ್ಲಿ ಹೆದರುತ್ತಿದ್ದಾರೆ.
– ಓದುಗರೊಬ್ಬರು, ತಿಪಟೂರು

ಉತ್ತರ: ಉಳಿಯಬಹುದು ತಂಗಿ, ಆದರೆ ಆ ಹೊತ್ತಿನಲ್ಲಿ ಹುಡುಕುತ್ತಾ ಹೊರಡಬೇಡಿ. ಸಾಧ್ಯವಾದರೆ ಹಗಲು ಗಾಡಿಯಲ್ಲೇ ಬನ್ನಿ. ಆಗದಿದ್ದರೆ ಮೇಲೆ ಹೇಳಿದ ವಿಶ್ರಾಂತಿ ಕೊಠಡಿಯನ್ನು ಮೊದಲು ಪ್ರಯತ್ನಿಸಿ, ನಿಲ್ದಾಣದಿಂದ ಹೊರಗೆ ಕಾಲಿಡುವ ಪ್ರಮೇಯವೇ ಇರುವುದಿಲ್ಲ.

ಲಾಡ್ಜೇ ಎಂದಾದರೆ, ಕೆಳಗೆ ಬಾರ್ ಇದೆಯೇ ಎಂದು ಕೇಳಿ. ಸ್ಟೇಷನ್ ಸುತ್ತಮುತ್ತ ‘ಬಾರ್ ಅಂಡ್ ಲಾಡ್ಜಿಂಗ್’ ಕಟ್ಟಡಗಳಿಗೆ ಕೊರತೆಯಿಲ್ಲ. ಎಷ್ಟೋ ಕಡೆ ಕೊಠಡಿಗೆ ಹೋಗುವ ಮೆಟ್ಟಿಲು ಬಾರಿನ ಬಾಗಿಲ ಪಕ್ಕದಿಂದಲೇ ಏರುತ್ತದೆ. ಒಳಗೆ ಕೊಠಡಿ ಎಷ್ಟೇ ಚೊಕ್ಕಟವಾಗಿರಲಿ, ರಾತ್ರಿ ನೀರಿನ ಬಾಟಲಿ ತರಲು ಇಳಿಯುವುದಕ್ಕೂ ಯೋಚಿಸಬೇಕಾಗುತ್ತದೆ. ಕೆಳಗೆ ಉಪಾಹಾರ ಗೃಹವಿದ್ದು, ಕುಟುಂಬಗಳು ಬಂದು ಇಳಿಯುವಂತಹದ್ದನ್ನು ಆರಿಸಿ. ಫೋನ್‌ನಲ್ಲಿ ನಿಮ್ಮ ತಂದೆಯವರಿಂದಲೂ ಒಮ್ಮೆ ಮಾತನಾಡಿಸಿ. ಕೌಂಟರಿನವರ ದನಿಯಲ್ಲೇ ಅರ್ಧ ಗೊತ್ತಾಗುತ್ತದೆ. ಕೆಲವು ಲಾಡ್ಜ್‌ನವರು ಒಂಟಿ ಹೆಣ್ಣುಮಕ್ಕಳಿಗೆ ಕೊಠಡಿ ಕೊಡಲು ತಕರಾರು ಮಾಡುತ್ತಾರೆ. ನನಗಂತೂ ಅದು ಅರ್ಥವಾಗಿಲ್ಲ. ರಾತ್ರಿ ಹತ್ತಕ್ಕೆ ಅದನ್ನು ಕೇಳಿಸಿಕೊಳ್ಳುವ ಬದಲು ಈಗಲೇ ಫೋನ್‌ನಲ್ಲಿ ಕೇಳಿಸಿಕೊಂಡುಬಿಡಿ.

ಹೊರಬರುವಾಗ ಯಾರಾದರೂ ಜೊತೆಗೆ ಹೆಜ್ಜೆ ಹಾಕುತ್ತಾ ‘ರೂಮ್ ಬೇಕೇ?’ ಎನ್ನುತ್ತಾರೆ. ಲಾಡ್ಜ್ ಹೆಸರು ಹೇಳಿದರೆ ‘ಅದು ಮುಚ್ಚಿದೆ, ಪೊಲೀಸ್ ರೈಡ್ ಆಗಿದೆ’ ಎನ್ನುತ್ತಾರೆ. ಮೂವತ್ತೊಂದು ವರ್ಷದಲ್ಲಿ ನಾನು ಇಳಿಯಬೇಕಿದ್ದ ಲಾಡ್ಜ್ ಹೀಗೆ ಅದೆಷ್ಟು ಸಲ ಮುಚ್ಚಿತೋ ಲೆಕ್ಕವಿಲ್ಲ. ಹೋಗಿ ನೋಡಿದರೆ ಪ್ರತಿ ಸಲವೂ ತೆರೆದಿತ್ತು.

ಪ್ರಶ್ನೆ: ಮೈಸೂರಿನಿಂದ ಕಾವೇರಿ ಎಕ್ಸ್‌ಪ್ರೆಸ್‌ನಲ್ಲಿ ಚೆನ್ನೈಗೆ ಹೋಗಿ, ಒಂದು ದಿನ ತಂಗಿ, ಮರುದಿನ ರಾತ್ರಿ ಎಗ್ಮೋರ್‌ನಿಂದ ತಂಜಾವೂರಿಗೆ ಹೊರಡುತ್ತೇವೆ. ಸೆಂಟ್ರಲ್ ಹತ್ತಿರ ಉಳಿಯುವುದೋ, ಎಗ್ಮೋರ್ ಹತ್ತಿರವೋ?
– ಓದುಗ ದಂಪತಿ, ಮೈಸೂರು

ಉತ್ತರ: ಎಗ್ಮೋರ್. ಬಂದಿಳಿಯುವ ನಿಲ್ದಾಣಕ್ಕಿಂತ ಹೊರಡುವ ನಿಲ್ದಾಣದ ಹತ್ತಿರ ಉಳಿಯುವುದು ನನ್ನ ಹಳೆಯ ಪದ್ಧತಿ. ಬರುವಾಗ ತಡವಾದರೆ ರೂಮ್ ಎಲ್ಲಿಗೂ ಹೋಗುವುದಿಲ್ಲ. ಹೊರಡುವಾಗ ತಡವಾದರೆ ರೈಲು ಹೋಗುತ್ತದೆ. ಸೆಂಟ್ರಲ್‌ನಿಂದ ಎಗ್ಮೋರ್‌ಗೆ ಮೆಟ್ರೊದಲ್ಲಿ ಒಂದೇ ನಿಲ್ದಾಣ.

ಎಗ್ಮೋರ್‌ಗೂ ಎರಡು ಮುಖ. ಹಳೆಯ ಕೆಂಪು ಕಟ್ಟಡದ ಮುಂದಿನದು ಗಾಂಧಿ ಇರ್ವಿನ್ ರಸ್ತೆ, ಹಿಂದಿನದು ಪೂನಮಲ್ಲಿ ಹೈರೋಡ್. ಲಾಡ್ಜ್‌ಗಳು ಒತ್ತೊತ್ತಾಗಿ ಇರುವುದು ಮುಂದಿನ ಕಡೆ, ಎದುರಿಗೆ ಹೋಗುವ ಕೆನ್ನೆತ್ ಲೇನ್‌ನಲ್ಲಿ. ಗಲ್ಲಿ ಕಿರಿದು. ಸಾಮಾನು ಎಳೆದುಕೊಂಡು ನಡೆಯುವವರೇ ಅಲ್ಲಿ ಹೆಚ್ಚು. ಬೀದಿಯ ಕಡೆಯ ಕೊಠಡಿ ಬೇಡ, ಹಿಂದಿನದು ಕೊಡಿ ಎಂದು ಕೇಳಿ. ಹೊರಡುವ ದಿನ ಮಧ್ಯಾಹ್ನ ರೂಮ್ ಖಾಲಿ ಮಾಡಬೇಕಾದರೆ ಸಾಮಾನನ್ನು ಸಂಜೆಯವರೆಗೆ ಕೌಂಟರಿನಲ್ಲಿ ಇಟ್ಟುಕೊಳ್ಳುತ್ತಾರೆಯೇ ಎಂದು ಮೊದಲೇ ವಿಚಾರಿಸಿ. ಎಗ್ಮೋರ್‌ನಲ್ಲಿ ಮರುನಿರ್ಮಾಣದ ಕಾಮಗಾರಿಯ ಕಾರಣಕ್ಕೆ ಕೆಲವು ಗಾಡಿಗಳನ್ನು ತಾಂಬರಂನಿಂದ ಹೊರಡಿಸಿದ್ದುಂಟು. ರೂಮ್‌ಗೆ ದುಡ್ಡು ಕಟ್ಟುವ ಮುಂಚೆ ತಂಜಾವೂರಿನ ಟಿಕೆಟ್‌ನಲ್ಲಿ ಯಾವ ನಿಲ್ದಾಣದ ಹೆಸರಿದೆ ನೋಡಿಕೊಳ್ಳಿ. ತಾಂಬರಂ ಎಂದಿದ್ದರೆ ನನಗೆ ಇನ್ನೊಂದು ಪತ್ರ ಬರೆಯಿರಿ, ಉತ್ತರ ಬೇರೆಯಾಗುತ್ತದೆ.